ಕಡಲಿಗೆ ಬಿದ್ದ ಬಲೆ ಎಷ್ಟು ವರ್ಷ ಉಳಿಯುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಡಲ ದಂಡೆಯಲ್ಲಿ ಕಸ ಹೆಕ್ಕಲು ಬರುವ ಶಾಲಾ ಮಕ್ಕಳು, ಬಂದರಿನ ದಕ್ಕೆಯಲ್ಲಿ ಕೂತು ಬಲೆ ಹೆಣೆಯುವವರು, ಘಟ್ಟದ ಮೇಲಿನಿಂದ ಬೀಚು ನೋಡಲು ಬಂದವರು, ಹೀಗೆ ಬೇರೆ ಬೇರೆ ಕಡೆಯ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು. ಕೆಲವಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ಬಲೆ ಕರಗಲು 600 ವರ್ಷ ಬೇಕು ಎಂದು ಪೋಸ್ಟರುಗಳಲ್ಲಿ ಬರೆದಿರುತ್ತಾರೆ. ನಿಜವೇ?

ಆ ಅಂಕಿಯನ್ನು ಯಾರೂ ಅಳೆದು ನೋಡಿದ್ದಲ್ಲ. ಅಳೆಯುವಷ್ಟು ಕಾಲವೇ ಇನ್ನೂ ಕಳೆದಿಲ್ಲ. ನೈಲಾನ್ ಮೊದಲು ತಯಾರಾದದ್ದು 1935ರಲ್ಲಿ, ಅಮೆರಿಕದ ಡುಪಾಂಟ್ ಕಂಪನಿಯಲ್ಲಿ, ವ್ಯಾಲೇಸ್ ಕ್ಯಾರೋಥರ್ಸ್ ಎಂಬ ರಸಾಯನಶಾಸ್ತ್ರಜ್ಞರ ಪ್ರಯೋಗಾಲಯದಲ್ಲಿ. ದೋಣಿ ಹಿಂದಿನಿಂದ ಎಳೆದೊಯ್ಯುವ ಟ್ರಾಲ್ ಬಲೆಗೆ ಬಳಸುವ ಎಚ್‌ಡಿಪಿಇ, ಅಂದರೆ ಗಟ್ಟಿ ಜಾತಿಯ ಪಾಲಿಥಿನ್, 1953ರ ಶೋಧ. ಹಗ್ಗಕ್ಕೆ ಬಳಸುವ ಪಾಲಿಪ್ರೊಪಿಲೀನ್ ಕೂಡ ಹೆಚ್ಚುಕಡಿಮೆ ಅದೇ ಹೊತ್ತಿನದು. ಜಗತ್ತಿನ ಅತಿ ಹಳೆಯ ನೈಲಾನ್ ದಾರಕ್ಕೂ ಇನ್ನೂ ನೂರು ವರ್ಷ ತುಂಬಿಲ್ಲ.

600 ವರ್ಷ ಎಂಬ ಮಾತು ಅಮೆರಿಕದ ಸಾಗರ ಸಂಸ್ಥೆಗಳು ಜನರ ತಿಳಿವಳಿಕೆಗಾಗಿ ಹಂಚಿದ ಒಂದು ಪಟ್ಟಿಯಿಂದ ಬಂದದ್ದು. ಅದರಲ್ಲಿಯೂ ಆ ಅಂಕಿ ಇರುವುದು ಗಾಳದ ನೈಲಾನ್ ದಾರಕ್ಕೆ. ಪೋಸ್ಟರಿನಿಂದ ಪೋಸ್ಟರಿಗೆ ಹೋಗುತ್ತಾ ಅದು ಎಲ್ಲ ಬಲೆಗೂ ಅಂಟಿಕೊಂಡಿತು. ಮೂಲದಲ್ಲಿ ಅದು ಬರೀ ಅಂದಾಜು. ಇಂಥ ಅಂದಾಜುಗಳನ್ನು ಸಾಮಾನ್ಯವಾಗಿ ಮಾಡುವುದು ಕೆಲವು ತಿಂಗಳು ಅಥವಾ ಕೆಲವು ವರ್ಷ ಗಮನಿಸಿ, ಸವೆತದ ವೇಗ ಮುಂದೆಯೂ ಹೀಗೆಯೇ ಇರುತ್ತದೆ ಎಂದು ಗೆರೆ ಎಳೆದು.

ಇಂಥ ಲೆಕ್ಕ ಎಷ್ಟು ಹಿಗ್ಗಬಹುದು, ಎಷ್ಟು ಕುಗ್ಗಬಹುದು ಎಂಬುದಕ್ಕೆ 2020ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ನೋಡಿ. ಕಡಲಿನಲ್ಲಿ ಎಚ್‌ಡಿಪಿಇ ಬಾಟಲಿ ಅರ್ಧಕ್ಕೆ ಇಳಿಯಲು ಸುಮಾರು 58 ವರ್ಷ ಎಂದು ಅದು ಲೆಕ್ಕ ಹಾಕಿತು. ಅದೇ ಪ್ಲಾಸ್ಟಿಕ್ಕಿನ ದಪ್ಪ ಪೈಪಿಗೆ 1200 ವರ್ಷ. ವಸ್ತು ಒಂದೇ, ದಪ್ಪ ಮಾತ್ರ ಬೇರೆ. ಹಾಗಾಗಿ 600 ವರ್ಷ ಎಂದರೆ 'ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲದವರೆಗೂ ಇರುತ್ತದೆ' ಎಂಬ ಅರ್ಥದಲ್ಲಿ ತೆಗೆದುಕೊಳ್ಳಿ. 599 ವರ್ಷ ಕಳೆದ ಮೇಲೆ ಒಂದು ದಿನ ಮಾಯವಾಗುತ್ತದೆ ಎಂಬ ಅರ್ಥದಲ್ಲಿ ಬೇಡ.

ಹಾಗಾದರೆ ಯಾವ ಸಾಮಾನು ಎಷ್ಟು ಕಾಲ ಉಳಿಯುತ್ತದೆ?

ಒಂದು ಬಲೆ ಎಂದರೆ ಒಂದೇ ವಸ್ತುವಲ್ಲ. ಜಾಲ ಒಂದು, ಹಗ್ಗ ಇನ್ನೊಂದು, ಮೇಲೆ ಬೆಂಡು, ಕೆಳಗೆ ಸೀಸದ ಗುಂಡು. ಪ್ರತಿಯೊಂದರ ಆಯುಷ್ಯ ಬೇರೆ.

ಹತ್ತಿಯ ದಾರ ಬೆಚ್ಚಗಿನ ಕಡಲ ನೀರಿನಲ್ಲಿ ಕೆಲವೇ ವಾರಗಳಲ್ಲಿ ಬಲ ಕಳೆದುಕೊಳ್ಳುತ್ತದೆ, ತಿಂಗಳುಗಳಲ್ಲಿ ಕೊಳೆತು ಹೋಗುತ್ತದೆ. ಸೆಣಬು ಇನ್ನಷ್ಟು ತಡೆಯುತ್ತದೆ. ತೆಂಗಿನ ನಾರು ಇವೆರಡಕ್ಕಿಂತ ಗಟ್ಟಿ. ಅದರಲ್ಲಿ ಲಿಗ್ನಿನ್ ಎಂಬ ಕಟ್ಟಿಗೆಯ ಅಂಶ ಹೆಚ್ಚು, ಬ್ಯಾಕ್ಟೀರಿಯಾಗಳಿಗೆ ಅದನ್ನು ಅರಗಿಸುವುದು ಕಷ್ಟ. ಹಿನ್ನೀರಿನಲ್ಲಿ ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಕೊಳೆಹಾಕಿದರೂ ಸುತ್ತಲಿನ ಮೆದು ಭಾಗ ಹೋಗಿ ನಾರು ಹಾಗೇ ಸಿಗುವುದು ಈ ಕಾರಣಕ್ಕೇ. ಆದರೂ ಇವೆಲ್ಲ ಕೊನೆಗೆ ಮಣ್ಣಾಗುವ ವಸ್ತುಗಳು.

ನೈಲಾನ್, ಪಾಲಿಥಿನ್, ಪಾಲಿಪ್ರೊಪಿಲೀನ್ ವಿಷಯಕ್ಕೆ ಬಂದರೆ ವರ್ಷಗಳ ಬದಲು ದಶಕ, ಶತಮಾನಗಳಲ್ಲಿ ಮಾತಾಡಬೇಕಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಈ ಮೂರೂ ಬಗೆಯ ಹಗ್ಗಗಳನ್ನು 10 ಮೀಟರ್ ಆಳದಲ್ಲಿ ಒಂದು ವರ್ಷ ಇಟ್ಟು ನೋಡಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಪಾಲಿಥಿನ್ ಮತ್ತು ಪಾಲಿಪ್ರೊಪಿಲೀನ್ ಹಗ್ಗಗಳು ತಿಂಗಳಿಗೆ ತಮ್ಮ ತೂಕದ ಸುಮಾರು ಶೇ 0.4ರಷ್ಟನ್ನು, ನೈಲಾನ್ ಸುಮಾರು ಶೇ 1ರಷ್ಟನ್ನು ಕಳೆದುಕೊಂಡವು. ಒಂಬತ್ತು ತಿಂಗಳಿಂದ ಒಂದು ವರ್ಷದೊಳಗೆ ಸೂಕ್ಷ್ಮ ಎಳೆಗಳು ಉದುರತೊಡಗಿದವು. ಈ ಲೆಕ್ಕ ಹಿಡಿದು 'ನೈಲಾನ್ ಹಾಗಾದರೆ ಎಂಟೊಂಬತ್ತು ವರ್ಷದಲ್ಲಿ ಮುಗಿಯುತ್ತದಲ್ಲ' ಎಂದು ಸಮಾಧಾನ ಪಟ್ಟುಕೊಳ್ಳಬೇಡಿ. ಹಗ್ಗದಿಂದ ಹೋದ ತೂಕ ಕಡಲಿನಿಂದ ಹೋಗಿಲ್ಲ. ಮುಂದಿನ ಪ್ರಶ್ನೆ ಅದರ ಬಗ್ಗೆಯೇ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಕಬ್ಬಿಣದ ಕೊಕ್ಕೆ, ಸರಪಳಿ ತುಕ್ಕು ಹಿಡಿದು ವರ್ಷಗಳಲ್ಲಿ ಸವೆಯುತ್ತವೆ. ಸ್ಟೀಲ್ ಕೊಕ್ಕೆ ಅದಕ್ಕಿಂತ ಬಹಳ ಹೆಚ್ಚು ಬಾಳುತ್ತದೆ. ಸೀಸ ಮೂಲವಸ್ತು, ಅದು ಕರಗಿ ಇಲ್ಲವಾಗುವ ಪ್ರಶ್ನೆಯೇ ಇಲ್ಲ, ವಿಷವೂ ಹೌದು. ಥರ್ಮೋಕೋಲ್ ಬೆಂಡು ಎಲ್ಲಕ್ಕಿಂತ ಬೇಗ ಒಡೆಯುತ್ತದೆ ಮತ್ತು ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುತ್ತದೆ: ಒಂದು ಬೆಂಡಿನಿಂದ ಸಾವಿರಾರು ಬಿಳಿ ಕಾಳುಗಳು. ಅವನ್ನು ಮರಳಿನಿಂದ ಹೆಕ್ಕಲು ಕೂತವರಿಗೆ ಮಾತ್ರ ಆ ಕಷ್ಟ ಗೊತ್ತು.

'ಒಡೆಯುವುದು' ಮತ್ತು 'ಕರಗುವುದು', ಎರಡೂ ಒಂದೇ ಅಲ್ಲವೇ?

ಅಲ್ಲ. ಈ ಎರಡನ್ನು ಬೆರೆಸಿದ್ದರಿಂದಲೇ ಅರ್ಧ ಗೊಂದಲ ಹುಟ್ಟಿದೆ. ಬಿಸಿಲಿಗೆ ಬಿದ್ದ ಬಲೆ ಕೆಲವು ವರ್ಷಗಳಲ್ಲಿ ಹಪ್ಪಳದ ಹಾಗೆ ಮುರಿಯುತ್ತದೆ. ಕೈಯಲ್ಲಿ ಹಿಡಿದರೆ ಪುಡಿ ಅಂಟುತ್ತದೆ. ನೋಡಿದವರು 'ಹಾಳಾಯಿತು, ಇನ್ನು ತೊಂದರೆಯಿಲ್ಲ' ಎನ್ನುತ್ತಾರೆ. ಆದರೆ ಆ ಪುಡಿಯ ಪ್ರತಿ ಕಣವೂ ಪ್ಲಾಸ್ಟಿಕ್ಕೇ.

ನಿಜವಾಗಿ ಕರಗಬೇಕೆಂದರೆ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿ ತುಂಡಾಗಿ, ಆ ತುಂಡುಗಳು ಬ್ಯಾಕ್ಟೀರಿಯಾ ನುಂಗುವಷ್ಟು ಚಿಕ್ಕದಾಗಿ, ಕೊನೆಗೆ ಇಂಗಾಲದ ಡೈಆಕ್ಸೈಡ್, ನೀರು ಮತ್ತು ಜೀವರಾಶಿಯಾಗಿ ಮಾರ್ಪಡಬೇಕು. ಮೊದಲ ಹೆಜ್ಜೆಯನ್ನು ಬಿಸಿಲು ಮತ್ತು ಆಮ್ಲಜನಕ ಸೇರಿ ಮಾಡುತ್ತವೆ. ಕೊನೆಯ ಹೆಜ್ಜೆ ಎಷ್ಟು ನಿಧಾನವೆಂದರೆ ಒಂದು ತಲೆಮಾರಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಬಲೆ ಇಷ್ಟು ವರ್ಷದಲ್ಲಿ ಹಾಳಾಗುತ್ತದೆ ಎಂದು ಯಾರಾದರೂ ಹೇಳಿದರೆ ಒಂದು ಮಾತು ಕೇಳಿ: ಕಣ್ಣಿಗೆ ಕಾಣದಷ್ಟು ಚೂರಾಗಲು ಬೇಕಾದ ಕಾಲವೋ, ಇಲ್ಲವಾಗಲು ಬೇಕಾದ ಕಾಲವೋ?

ಒಂದೇ ಬಗೆಯ ಬಲೆ ಮರಳಿನ ಮೇಲೆ ಬೇಗ ಪುಡಿಯಾಗುತ್ತದೆ, ನೀರಿನಡಿ ಹಾಗೇ ಇರುತ್ತದೆ. ಯಾಕೆ?

ಪ್ಲಾಸ್ಟಿಕ್ಕನ್ನು ಒಡೆಯುವ ಮುಖ್ಯ ಶಕ್ತಿ ಬಿಸಿಲಿನ ಅತಿನೇರಳೆ ಕಿರಣ. ಜೊತೆಗೆ ಶಾಖ, ಆಮ್ಲಜನಕ, ಅಲೆ ಮತ್ತು ಮರಳಿನ ಉಜ್ಜಾಟ ಬೇಕು. ನಮ್ಮ ಮರಳ ದಂಡೆಯಲ್ಲಿ ಬೇಸಿಗೆಯಲ್ಲಿ ಇವೆಲ್ಲ ಧಾರಾಳವಾಗಿ ಸಿಗುತ್ತವೆ. ನೀರಿನ ಮೇಲೆ ತೇಲುವ ಬಲೆಗೆ ಬಿಸಿಲು ಸಿಕ್ಕರೂ ನೀರು ಅದನ್ನು ತಂಪಾಗಿಡುತ್ತದೆ, ಮೇಲೆ ಪಾಚಿ, ಚಿಪ್ಪುಜೀವಿಗಳು ಬೆಳೆದು ನೆರಳು ಮಾಡುತ್ತವೆ. ತಳಕ್ಕೆ ಹೋದರೆ ಕತ್ತಲೆ. ಮಳೆಗಾಲದ ನಂತರ ಕರಾವಳಿಯ ನೀರು ಕೆಸರಾಗಿರುವಾಗ ಕೆಲವೇ ಮೀಟರ್ ಆಳಕ್ಕೆ ಬೆಳಕು ಸೋತುಹೋಗುತ್ತದೆ. ಕೆಸರಿನಲ್ಲಿ ಹೂತರೆ ಆಮ್ಲಜನಕವೂ ಇಲ್ಲ.

ಆಳ ಕಡಲಿನ ನಿಧಾನ ಎಂಥದ್ದು ಎನ್ನಲು ಒಂದು ಪ್ರಸಂಗವಿದೆ. 1968ರ ಅಕ್ಟೋಬರಿನಲ್ಲಿ ಅಮೆರಿಕದ ಸಂಶೋಧನಾ ಜಲಾಂತರ್ಗಾಮಿ 'ಆಲ್ವಿನ್' ಅಟ್ಲಾಂಟಿಕ್‌ನಲ್ಲಿ ಸುಮಾರು 1,500 ಮೀಟರ್ ಆಳಕ್ಕೆ ಮುಳುಗಿತು. ಸಿಬ್ಬಂದಿ ಪಾರಾದರು, ಅವರ ಮಧ್ಯಾಹ್ನದ ಊಟ ಒಳಗೇ ಉಳಿಯಿತು. ಹತ್ತು ತಿಂಗಳ ನಂತರ ಅದನ್ನು ಮೇಲೆತ್ತಿದಾಗ ಸ್ಯಾಂಡ್‌ವಿಚ್ ಮತ್ತು ಸೇಬು ನೀರಿನಲ್ಲಿ ನೆನೆದಿದ್ದರೂ ಕೆಟ್ಟಿರಲಿಲ್ಲ. ಬ್ರೆಡ್ಡು, ಮಾಂಸವನ್ನೇ ಹತ್ತು ತಿಂಗಳು ಮುಟ್ಟದ ಆಳದಲ್ಲಿ ನೈಲಾನ್ ದಾರದ ಗತಿ ಏನು, ಊಹಿಸಿಕೊಳ್ಳಿ.

ಕಳೆದುಹೋದ ಬಲೆ ತೇಲುತ್ತದೆಯೋ, ಮುಳುಗುತ್ತದೆಯೋ?

ಕಡಲ ನೀರಿನ ಸಾಂದ್ರತೆ 1.025ರ ಆಸುಪಾಸು. ಪಾಲಿಪ್ರೊಪಿಲೀನ್ ಸುಮಾರು 0.90, ಎಚ್‌ಡಿಪಿಇ ಸುಮಾರು 0.95, ಇವೆರಡೂ ತೇಲುತ್ತವೆ. ನೈಲಾನ್ 1.14, ಅದು ಮುಳುಗುತ್ತದೆ. ಹಾಗಾಗಿ ಹರಿದ ಟ್ರಾಲ್ ಬಲೆಯ ತುಂಡು, ಹಗ್ಗ ಇವು ಮೇಲೆ ಅಲೆಯುತ್ತವೆ. ನೈಲಾನಿನ ಕಂತಬಲೆ, ಅಂದರೆ ಮೀನಿನ ಕಿವಿರಿಗೆ ಸಿಕ್ಕಿಸುವ ಬಲೆ, ಬೆಂಡು ಕಳಚಿದರೆ ಸೀದಾ ತಳ ಸೇರುತ್ತದೆ. ತೇಲುವುದರ ಮೇಲೆ ಚಿಪ್ಪುಜೀವಿಗಳು ಬೆಳೆದು ಭಾರವಾದರೆ ಅದೂ ಒಂದು ದಿನ ಮುಳುಗುತ್ತದೆ.

ತೇಲುವ ಬಲೆಗೆ ರಾಜ್ಯವಿಲ್ಲ, ದೇಶವಿಲ್ಲ. ಮಾಲ್ದೀವ್ಸ್‌ನವರು ಟ್ಯೂನಾ ಮೀನನ್ನು ಗಾಳದ ಕೋಲಿನಿಂದ ಒಂದೊಂದಾಗಿ ಎತ್ತುವವರು. ಅಲ್ಲಿ ಬಲೆಯ ಮೀನುಗಾರಿಕೆಗೆ ಬಹುಮಟ್ಟಿಗೆ ನಿಷೇಧವಿದೆ. ಆದರೂ ಅವರ ಹವಳದ ದಂಡೆಗೆ ಬಲೆಗಳು ಬಂದು ಬೀಳುತ್ತವೆ, ಅವುಗಳಲ್ಲಿ ಕಡಲಾಮೆಗಳು ಸಿಕ್ಕಿಕೊಂಡಿರುತ್ತವೆ. ಇದನ್ನೇ ಗುರಿಯಾಗಿಟ್ಟುಕೊಂಡು 2013ರಲ್ಲಿ ಅಲ್ಲಿ 'ಆಲಿವ್ ರಿಡ್ಲಿ ಪ್ರಾಜೆಕ್ಟ್' ಎಂಬ ಸಂಸ್ಥೆ ಹುಟ್ಟಿತು. ಆ ಬಲೆಗಳು ಹಿಂದೂ ಮಹಾಸಾಗರದ ಬೇರೆ ಬೇರೆ ದೇಶಗಳಿಂದ ತೇಲಿಬಂದವು. ಚಳಿಗಾಲದಲ್ಲಿ ಈಶಾನ್ಯ ಮಾರುತದ ಪ್ರವಾಹ ಭಾರತದ ಕಡೆಯಿಂದ ಪಶ್ಚಿಮಕ್ಕೆ ಹರಿಯುತ್ತದೆ ಎಂಬುದನ್ನು ನಾವು ಮರೆಯಬಾರದು. ಆಲಿವ್ ರಿಡ್ಲಿ ಆಮೆ ನಮ್ಮ ಉತ್ತರ ಕನ್ನಡ, ಉಡುಪಿಯ ಮರಳಿಗೂ ಮೊಟ್ಟೆ ಇಡಲು ಬರುವ ಆಮೆಯೇ.

ಯಾರೂ ಎಳೆಯದ ಬಲೆ ಎಷ್ಟು ದಿನ ಮೀನು ಹಿಡಿಯುತ್ತಲೇ ಇರುತ್ತದೆ?

600 ವರ್ಷದ ಪ್ರಶ್ನೆಗಿಂತ ನನಗೆ ಮುಖ್ಯವಾಗಿ ಕಾಣುವುದು ಇದು. ಯಾಕೆಂದರೆ ಇದಕ್ಕೆ ಅಳೆದ ಉತ್ತರವಿದೆ ಮತ್ತು ಆ ಉತ್ತರದ ಮೇಲೆ ನಾವು ಏನಾದರೂ ಮಾಡಬಹುದು.

ಕಿವಿರಿಗೆ ಸಿಕ್ಕಿಸುವ ಬಲೆ ಕಡಲಿನಲ್ಲಿ ನೆಟ್ಟಗೆ ಗೋಡೆಯಾಗಿ ನಿಂತಿರುವಷ್ಟು ಕಾಲ ಕೆಲಸ ಮಾಡುತ್ತದೆ. ಯಜಮಾನ ಇದ್ದರೂ ಇಲ್ಲದಿದ್ದರೂ ಅದಕ್ಕೆ ವ್ಯತ್ಯಾಸವಿಲ್ಲ. ಸಿಕ್ಕ ಮೀನು ಸಾಯುತ್ತದೆ, ಅದರ ವಾಸನೆಗೆ ಏಡಿ ಬರುತ್ತದೆ, ಏಡಿಯೂ ಸಿಕ್ಕಿಕೊಳ್ಳುತ್ತದೆ, ಅದನ್ನು ತಿನ್ನಲು ದೊಡ್ಡ ಮೀನು ಬರುತ್ತದೆ. ಕ್ರಮೇಣ ಆ ಭಾರಕ್ಕೆ ಬಲೆ ಜಗ್ಗುತ್ತದೆ. ಪಾಚಿ ಬೆಳೆದು ಬಲೆಯ ಕಣ್ಣು ಮುಚ್ಚುತ್ತದೆ, ಮೀನಿಗೆ ಬಲೆ ಕಾಣಿಸತೊಡಗುತ್ತದೆ. ಒಂದು ದೊಡ್ಡ ಗಾಳಿ ಬಂದರೆ ಹಗ್ಗದ ಉಂಡೆಯಂತೆ ಸುತ್ತಿಕೊಳ್ಳುತ್ತದೆ.

ಪೋರ್ಚುಗಲ್ಲಿನ ದಕ್ಷಿಣ ಕರಾವಳಿಯಲ್ಲಿ 15ರಿಂದ 18 ಮೀಟರ್ ಆಳದಲ್ಲಿ ಬೇಕೆಂದೇ ಬಲೆ ಬಿಟ್ಟು ಮುಳುಗುಗಾರರು ಗಮನಿಸಿದ ಅಧ್ಯಯನವೊಂದು 1997ರಲ್ಲಿ ಬಂತು. ಅಲ್ಲಿ ಮೀನು ಸಿಗುವುದು ದಿನದಿಂದ ದಿನಕ್ಕೆ ಇಳಿದು, 15ರಿಂದ 20 ವಾರಗಳಲ್ಲಿ ಬಲೆಯ ಕೆಲಸ ಹೆಚ್ಚುಕಡಿಮೆ ಮುಗಿದಿತ್ತು. ಆಳದಲ್ಲಿ ಕಥೆಯೇ ಬೇರೆ. ನಾರ್ವೆಯ ಆಳ ಕಡಲಿನಲ್ಲಿ ಹ್ಯಾಲಿಬಟ್ ಮೀನಿನ ಬಲೆಗಳನ್ನು ಪರೀಕ್ಷಿಸಿದಾಗ, 45 ದಿನಗಳ ನಂತರ ಅವುಗಳ ಹಿಡಿತ ಹೊಸ ಬಲೆಯ ಶೇ 20ರಿಂದ 30ಕ್ಕೆ ಇಳಿಯಿತು, ಆದರೆ ಅಲ್ಲೇ ನಿಂತುಬಿಟ್ಟಿತು. ಅಲೆ ಇಲ್ಲ, ಪಾಚಿ ಇಲ್ಲ, ಬಲೆ ಕುಸಿಯುವ ಕಾರಣವೇ ಇಲ್ಲ. ಹಾಗೆ ವರ್ಷಗಟ್ಟಲೆ ಹಿಡಿಯುತ್ತದೆ.

ಏಡಿಯ ಬೋನು ಇನ್ನೂ ಕೆಟ್ಟದ್ದು. ತಂತಿಯ ಬೋನು ಕುಸಿಯುವುದಿಲ್ಲ, ಒಳಗೆ ಸತ್ತ ಏಡಿಯೇ ಮುಂದಿನ ಏಡಿಗೆ ಎರೆ. ಟ್ರಾಲ್ ಬಲೆ ಈ ವಿಷಯದಲ್ಲಿ ಕಡಿಮೆ ಅಪಾಯಕಾರಿ. ಎಳೆಯುವ ದೋಣಿ ಇಲ್ಲದಿದ್ದರೆ ಅದರ ಬಾಯಿ ತೆರೆಯುವುದಿಲ್ಲ. ಆದರೆ ಆಮೆಯ ಕಾಲಿಗೆ, ದೋಣಿಯ ಪ್ರೊಪೆಲ್ಲರ್‌ಗೆ, ಹವಳಕ್ಕೆ ಸುತ್ತಿಕೊಳ್ಳುವುದರಲ್ಲಿ ಅದರಷ್ಟು ದಪ್ಪ ಜಾಲ ಬೇರೊಂದಿಲ್ಲ.

ಇದರಿಂದ ತಿಳಿಯಬೇಕಾದದ್ದು ಇಷ್ಟು: ನಮ್ಮ ಆಳದಲ್ಲಿ ಕಂತಬಲೆ, ಪಟ್ಟಬಲೆಯಂಥ ಕಿವಿರಿಗೆ ಸಿಕ್ಕಿಸುವ ಬಲೆ ಕಳೆದುಹೋದರೆ ಅದರ ಕೊಲೆಯ ಹೆಚ್ಚಿನ ಪಾಲು ಮೊದಲ ಕೆಲವು ವಾರಗಳಲ್ಲೇ ನಡೆಯುತ್ತದೆ. ಹುಡುಕುವುದಾದರೆ ಆಗಲೇ ಹುಡುಕಬೇಕು. ಮುಂದಿನ ವರ್ಷದ ಸ್ವಚ್ಛತಾ ಅಭಿಯಾನದ ಹೊತ್ತಿಗೆ ಅದು ಬರೀ ಕಸವಾಗಿರುತ್ತದೆ, ಮೀನು ಸತ್ತಾಗಿರುತ್ತದೆ.

ಹಿಂದೆ ಹತ್ತಿ, ಸೆಣಬಿನ ಬಲೆ ಇತ್ತಲ್ಲ? ಅದಕ್ಕೇ ವಾಪಸ್ ಹೋಗಬಾರದೇಕೆ?

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಬಲೆ ಒಣಗಿಸಿ ಗೊತ್ತಿಲ್ಲದವರು. ಹತ್ತಿ ಬಲೆ ಒದ್ದೆಯಾದರೆ ಕಲ್ಲಿನಷ್ಟು ಭಾರ. ಪ್ರತಿಸಲ ಬಿಡಿಸಿ ಒಣಗಿಸದಿದ್ದರೆ ಕೊಳೆಯುತ್ತದೆ. ಮರದ ತೊಗಟೆ ಕುದಿಸಿದ ಚೊಗರು ನೀರಿನಲ್ಲಿ ಮತ್ತೆ ಮತ್ತೆ ಅದ್ದಿ ಬಣ್ಣ ಹಿಡಿಸಬೇಕು. ಇಡೀ ಊರು ಸೇರಿ ಎಳೆಯುತ್ತಿದ್ದ ರಂಪಣಿಯ ಕಾಲದಲ್ಲಿ ಈ ಕೆಲಸಕ್ಕೆ ಕೈಗಳಿದ್ದವು. 1970ರ ದಶಕದ ಕೊನೆಗೆ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು, ನೈಲಾನ್ ಮನೆಮನೆಗೆ ಬಂತು. ಹಗುರ, ಗಟ್ಟಿ, ಕೊಳೆಯದು, ನೀರಿನಲ್ಲಿ ಕಾಣದು. ಮೀನುಗಾರನಿಗೆ ಅದು ದುಡಿಮೆಯಿಂದ ಸಿಕ್ಕ ಬಿಡುಗಡೆ. ಆ ಬಿಡುಗಡೆಯನ್ನು ವಾಪಸ್ ಕೊಡು ಎಂದು ಕೇಳುವ ಹಕ್ಕು ದಡದಲ್ಲಿ ನಿಂತವರಿಗೆ ಇಲ್ಲ ಎಂದೇ ನನ್ನ ಅಭಿಪ್ರಾಯ.

ಆದರೆ ಹತ್ತಿಯನ್ನು ಸ್ವಲ್ಪವೇ ಸ್ವಲ್ಪ, ಸರಿಯಾದ ಜಾಗದಲ್ಲಿ ಬಳಸಬಹುದು. ಅಮೆರಿಕದ ಅಲಾಸ್ಕಾದಲ್ಲಿ ಏಡಿಯ ಬೋನಿನ ಒಂದು ಬದಿಯ ಕಿಂಡಿಯನ್ನು ಹತ್ತಿ ದಾರದಿಂದಲೇ ಹೊಲಿಯಬೇಕೆಂಬ ನಿಯಮವಿದೆ. ಬೋನು ಕಳೆದುಹೋದರೆ ದಾರ ಕೊಳೆತು ಕಿಂಡಿ ತೆರೆಯುತ್ತದೆ, ಏಡಿ ಹೊರಗೆ ನಡೆಯುತ್ತದೆ. ಒಂದು ಮೊಳ ದಾರದ ಕೆಲಸ. ಈ ವಿಷಯದಲ್ಲಿ ನಾನು ಕಂಡ ಅತಿ ಜಾಣ ಉಪಾಯ ಇದು.

ಕಡಲಲ್ಲೇ ಕರಗುವ ಹೊಸ ಬಲೆ ಬಂದಿದೆಯಂತೆ?

ಬಂದಿದೆ. ದಕ್ಷಿಣ ಕೊರಿಯಾ 2007ರ ಸುಮಾರಿಗೇ ಪಿಬಿಎಸ್ ಎಂಬ, ಸೂಕ್ಷ್ಮಜೀವಿಗಳು ತಿನ್ನಬಲ್ಲ ಪ್ಲಾಸ್ಟಿಕ್ಕಿನ ಬಲೆಗಳನ್ನು ಮೀನುಗಾರರಿಗೆ ಕೊಡಲು ಶುರುಮಾಡಿತು. ಅಲ್ಲಿನ ಪರೀಕ್ಷೆಗಳಲ್ಲಿ ಇಂಥ ದಾರ ಸುಮಾರು ಎರಡು ವರ್ಷದ ನಂತರ ಕಡಲ ನೀರಿನಲ್ಲಿ ಕೆಡಲು ಆರಂಭಿಸಿತು. ನಾರ್ವೆಯಲ್ಲಿ ಇದೇ ಬಗೆಯ ಬಲೆಯನ್ನು ಕಾಡ್ ಮೀನಿಗೆ ಹಾಕಿ ನೋಡಿದಾಗ ನೈಲಾನಿಗಿಂತ ಕಡಿಮೆ ಮೀನು ಸಿಕ್ಕಿತು. ದಾರ ಬಿರುಸು, ಬಲವೂ ಕಡಿಮೆ, ಬೆಲೆ ಜಾಸ್ತಿ. ಮೀನು ಕಡಿಮೆ ಹಿಡಿಯುವ ಬಲೆಗೆ ಹೆಚ್ಚು ದುಡ್ಡು ಕೊಡಿ ಎಂದು ಸರ್ಕಾರದ ಸಹಾಯಧನವಿಲ್ಲದೆ ಯಾರಿಗೂ ಹೇಳಲಾಗದು.

ಇನ್ನೊಂದು ಎಚ್ಚರ: ಪೊಟ್ಟಣದ ಮೇಲೆ 'ಜೈವಿಕವಾಗಿ ಕರಗುತ್ತದೆ' ಎಂದಿದ್ದರೆ ಎಲ್ಲಿ ಎಂದು ಕೇಳಿ. ಕಾರ್ಖಾನೆಯ ಕಾಂಪೋಸ್ಟ್ ಘಟಕದ ಬಿಸಿಯಲ್ಲಿ ಕರಗುವ ಪ್ಲಾಸ್ಟಿಕ್ ಕಡಲ ತಳದ ತಂಪಿನಲ್ಲಿ ವರ್ಷಗಟ್ಟಲೆ ಹಾಗೇ ಇರಬಹುದು.

ಮೀನುಗಾರರು ಬಲೆಯನ್ನು ಬೇಕೆಂದೇ ಎಸೆಯುತ್ತಾರೆಯೇ?

ಲಕ್ಷಗಟ್ಟಲೆ ಸಾಲ ಮಾಡಿ ಕೊಂಡ ಪರ್ಸೀನ್ ಬಲೆಯನ್ನು ಯಾರು ಎಸೆಯುತ್ತಾರೆ? ಬಲೆ ಹೋಗುವುದು ಹೆಚ್ಚಾಗಿ ಬಂಡೆಗೆ, ಮುಳುಗಿದ ಹಡಗಿಗೆ ಸಿಕ್ಕಿ ಹರಿದಾಗ. ರಾತ್ರಿ ಬೇರೆ ದೋಣಿ ಹಗ್ಗ ಕತ್ತರಿಸಿಕೊಂಡು ಹೋದಾಗ. ಬಿಟ್ಟ ಬಲೆಯ ಮೇಲೆ ಟ್ರಾಲರ್ ಹಾದುಹೋದಾಗ. ಹವಾಮಾನ ಕೆಟ್ಟು ಜೀವ ಉಳಿಸಿಕೊಳ್ಳಲು ಬಲೆ ಬಿಟ್ಟು ಬರಬೇಕಾದಾಗ. ದೋಣಿ ನಡೆಸುವ ತಂಡೇಲನಿಗೆ ಅದು ಒಂದು ಇಡೀ ಹಂಗಾಮಿನ ನಷ್ಟ.

ಬೇಕೆಂದೇ ಹೋಗುವುದೂ ಇದೆ, ಅದನ್ನು ಮುಚ್ಚಿಡಬಾರದು. ಬಲೆ ರಿಪೇರಿ ಮಾಡುವಾಗ ಕತ್ತರಿಸಿದ ಚೂರು, ಹಳೆಯ ಹಗ್ಗದ ತುದಿ ಇವು ಸಲೀಸಾಗಿ ದಕ್ಕೆಯಿಂದ ನೀರಿಗೆ ಬೀಳುತ್ತವೆ. ಮರಳಿನಲ್ಲಿ ಕೈಹಾಕಿದರೆ ಸಿಗುವ ನೀಲಿ, ಹಸಿರು ಎಳೆಗಳಲ್ಲಿ ಬಹಳಷ್ಟು ಇಂಥವೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆ ಎರಡು ತಿಂಗಳೇ ಬಲೆ ದುರಸ್ತಿಯ ಕಾಲವೂ. ಆಗ ಪ್ರತಿ ಬಂದರಿನಲ್ಲಿ ಚೂರು ಹಾಕಲು ಒಂದು ದೊಡ್ಡ ತೊಟ್ಟಿ ಇಟ್ಟು, ಅದನ್ನು ತಪ್ಪದೆ ಖಾಲಿ ಮಾಡಿದರೆ ಎಷ್ಟೋ ಭಾಷಣಗಳ ಕೆಲಸ ಆಗುತ್ತದೆ.

ಜಗತ್ತಿನಲ್ಲಿ ವರ್ಷಕ್ಕೆ ಎಷ್ಟು ಬಲೆ ಕಡಲು ಸೇರುತ್ತದೆ?

6,40,000 ಟನ್ ಎಂಬ ಅಂಕಿ ಎಲ್ಲ ಕಡೆ ಓಡಾಡುತ್ತದೆ. ಅದನ್ನು ಬಳಸಬೇಡಿ. ಕಡಲ ಕಸದಲ್ಲಿ ಶೇ 10ಕ್ಕಿಂತ ಕಡಿಮೆ ಮೀನುಗಾರಿಕೆಯದ್ದು ಎಂಬ ಒರಟು ಅಂದಾಜನ್ನು 1970ರ ದಶಕದ ಹಳೆಯ ಒಟ್ಟು ಲೆಕ್ಕಕ್ಕೆ ಗುಣಿಸಿ ಬಂದ ಸಂಖ್ಯೆ ಅದು.

2022ರಲ್ಲಿ ಏಳು ದೇಶಗಳ ಸುಮಾರು 450 ಮೀನುಗಾರರನ್ನೇ ಕೇಳಿ ಮಾಡಿದ ಲೆಕ್ಕ ಹೆಚ್ಚು ನಂಬಲರ್ಹ. ಅದರ ಪ್ರಕಾರ ಬಳಕೆಯ ಸಲಕರಣೆಯಲ್ಲಿ ವರ್ಷಕ್ಕೆ ಸುಮಾರು ಶೇ 2ರಷ್ಟು ಕಡಲು ಸೇರುತ್ತದೆ: ಕಿವಿರಿಗೆ ಸಿಕ್ಕಿಸುವ ಬಲೆ ಸುಮಾರು 3,000 ಚದರ ಕಿಲೋಮೀಟರ್, ಪರ್ಸೀನ್ ಬಲೆ 75,000 ಚದರ ಕಿಲೋಮೀಟರ್, ಉದ್ದ ಗಾಳದ ದಾರ 7,39,000 ಕಿಲೋಮೀಟರ್, ಬೋನುಗಳು ಎರಡೂವರೆ ಕೋಟಿಗೂ ಹೆಚ್ಚು. ಉತ್ತರ ಪೆಸಿಫಿಕ್‌ನ ದೊಡ್ಡ ಕಸದ ಸುಳಿಯಲ್ಲಿ ತೂಕದ ಲೆಕ್ಕದಲ್ಲಿ ಕನಿಷ್ಠ ಶೇ 46ರಷ್ಟು ಬಲೆಯೇ ಎಂದು 2018ರ ಅಧ್ಯಯನ ಹೇಳಿತು.

ಬಲೆಯ ಚೂರು ನಮ್ಮ ಊಟದ ತಟ್ಟೆಗೂ ಬರುತ್ತದೆಯೇ?

ಬರುತ್ತದೆ. ಮೀನಿನ ಹೊಟ್ಟೆಯಲ್ಲಿ ಸಿಗುವ ಸೂಕ್ಷ್ಮ ಪ್ಲಾಸ್ಟಿಕ್ಕಿನಲ್ಲಿ ಎಳೆಗಳದ್ದು ದೊಡ್ಡ ಪಾಲು. ಬಲೆ, ಹಗ್ಗದವೂ ಅದರಲ್ಲಿವೆ, ಬಟ್ಟೆ ಒಗೆದ ನೀರಿನವೂ ಇವೆ. ಬಂಗುಡೆ, ಅಂಜಲ್ ಮೀನಿನ ಕರುಳು ತೆಗೆದು ಅಡುಗೆ ಮಾಡುವಾಗ ಅದರ ಹೆಚ್ಚಿನ ಭಾಗ ಹೊರಗೆ ಹೋಗುತ್ತದೆ. ಇಡಿಯಾಗಿ ತಿನ್ನುವ ಸಣ್ಣ ಒಣಮೀನು, ಮರುವಾಯಿ, ಪಚ್ಚಿಲೆಯಂಥ ಚಿಪ್ಪುಗಳಲ್ಲಿ ಹಾಗಾಗುವುದಿಲ್ಲ. ಮೀನು ತಿನ್ನುವುದು ಬಿಡಿ ಎಂದು ನಾನು ಹೇಳುತ್ತಿಲ್ಲ. ಚಿಪ್ಪನ್ನು ಶುದ್ಧ ನೀರಿನಲ್ಲಿ ಕೆಲವು ಗಂಟೆ ಬಿಟ್ಟು ಆಮೇಲೆ ಬೇಯಿಸುವ ನಮ್ಮ ಮನೆಗಳ ಹಳೆಯ ಅಭ್ಯಾಸ ಒಳ್ಳೆಯದೇ, ಬಿಡಬೇಡಿ.

ಇದರಿಂದ ದೋಣಿಗೆ ಅಪಾಯವಿದೆಯೇ?

ಪ್ರೊಪೆಲ್ಲರ್‌ಗೆ ಹಗ್ಗ ಸುತ್ತಿಕೊಂಡು ನಡುಗಡಲಲ್ಲಿ ಇಂಜಿನ್ ನಿಂತ ಅನುಭವ ಇಲ್ಲದ ಬೋಟಿನವರು ಕಡಿಮೆ. ಹವಾಮಾನ ಕೆಟ್ಟಿದ್ದರೆ ಅದು ಜೀವದ ಪ್ರಶ್ನೆ. 1993ರ ಅಕ್ಟೋಬರ್ 10ರಂದು ದಕ್ಷಿಣ ಕೊರಿಯಾದ 'ಸೊಹೆ' ಎಂಬ ಪ್ರಯಾಣಿಕರ ಹಡಗು ಮಗುಚಿ 292 ಮಂದಿ ಸತ್ತರು. ಮಿತಿಮೀರಿ ಜನ ತುಂಬಿದ್ದರು, ಬಿರುಗಾಳಿಯೂ ಇತ್ತು. ಜೊತೆಗೆ ಅದರ ಪ್ರೊಪೆಲ್ಲರ್ ದಂಡಗಳಿಗೆ ನೈಲಾನ್ ಹಗ್ಗ ಸುತ್ತಿಕೊಂಡಿತ್ತು. ತೊಂದರೆಯಲ್ಲಿ ಸಿಕ್ಕಿಕೊಂಡರೆ ಕೋಸ್ಟ್ ಗಾರ್ಡ್‌ನ 1554 ಸಂಖ್ಯೆ ಎಲ್ಲರ ಮೊಬೈಲಿನಲ್ಲೂ ಇರಲಿ.

ಕಾನೂನು ಏನು ಹೇಳುತ್ತದೆ?

ಹಡಗುಗಳಿಂದ ಆಗುವ ಮಾಲಿನ್ಯ ತಡೆಯುವ ಮಾರ್ಪೋಲ್ ಒಪ್ಪಂದದ ಐದನೇ ಅನುಬಂಧ 1988ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಪ್ಲಾಸ್ಟಿಕ್ ಬಲೆ, ಹಗ್ಗಗಳನ್ನು ಕಡಲಿಗೆ ಎಸೆಯುವುದನ್ನು ಅದು ಪೂರ್ತಿ ನಿಷೇಧಿಸುತ್ತದೆ. ಎಚ್ಚರ ವಹಿಸಿಯೂ ಆಕಸ್ಮಿಕವಾಗಿ ಕಳೆದುಹೋದರೆ ಅದು ತಪ್ಪಲ್ಲ. 2018ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮೀನುಗಾರಿಕಾ ಸಮಿತಿ ಬಲೆಗಳಿಗೆ ಯಜಮಾನನ ಗುರುತು ಹಾಕುವ ಮಾರ್ಗಸೂಚಿಯನ್ನು ಒಪ್ಪಿತು. ಅದು ಕಡ್ಡಾಯವಲ್ಲ. ಗುರುತು ಎಂದರೆ ದಂಡ ಹಾಕಲು ಎಂದು ಮೀನುಗಾರರು ಹೆದರುವುದು ಸಹಜ. ಸಿಕ್ಕ ಬಲೆಯನ್ನು ವಾರಸುದಾರನಿಗೆ ಮುಟ್ಟಿಸಲು ಎಂದು ಹೇಳಿ, ಹಾಗೆಯೇ ನಡೆದುಕೊಂಡರೆ ಆ ಹೆದರಿಕೆ ಹೋಗುತ್ತದೆ.

ಹಳೆಯ ಬಲೆಗೆ ಬೆಲೆ ಇದೆಯೇ?

ನಮ್ಮೂರುಗಳಲ್ಲಿ ಹಳೆಯ ಬಲೆ ಸುಮ್ಮನೆ ಬೀಳುವುದು ಕಡಿಮೆ. ಬಾವಿಗೆ ಮುಚ್ಚಿಗೆ, ತರಕಾರಿ ಪಾತಿಗೆ ಬೇಲಿ, ಒಣಮೀನಿಗೆ ಕಾಗೆ ಬಾರದಂತೆ ಹೊದಿಕೆ, ಹೀಗೆ ಎಷ್ಟೋ ವರ್ಷ ದುಡಿಯುತ್ತದೆ. ಬಿಸಿಲಿಗೆ ಹಿಟ್ಟಾಗುವ ಮುಂಚೆ ಅದನ್ನು ತೆಗೆದು ಗುಜರಿಗೆ ಕೊಡಿ, ಇಲ್ಲದಿದ್ದರೆ ಪುಡಿ ನಿಮ್ಮ ತೋಟದ ಮಣ್ಣಿಗೇ ಸೇರುತ್ತದೆ.

ಕಾರ್ಖಾನೆಯ ಮಟ್ಟದಲ್ಲಿ ನೈಲಾನ್ 6 ಎಂಬ ಬಗೆಗೆ ಒಳ್ಳೆಯ ಅವಕಾಶವಿದೆ. ಅದನ್ನು ಮೂಲ ರಾಸಾಯನಿಕಕ್ಕೆ ಇಳಿಸಿ ಮತ್ತೆ ಹೊಸ ದಾರ ಮಾಡಬಹುದು. ಇಟಲಿಯ ಅಕ್ವಾಫಿಲ್ ಕಂಪನಿ 2011ರಿಂದ ಸ್ಲೊವೇನಿಯಾದಲ್ಲಿ ಇದನ್ನು ಮಾಡುತ್ತಿದೆ. ತೊಡಕು ಇರುವುದು ಬಿಡಿಸುವುದರಲ್ಲಿ: ಸೀಸ, ಬೆಂಡು, ಹಗ್ಗ, ಜಾಲ ಬೇರೆ ಬೇರೆ ಮಾಡಿ, ತೊಳೆದು ಕೊಡಬೇಕು. ಕೇರಳದಲ್ಲಿ 2017ರಲ್ಲಿ ಕೊಲ್ಲಂ ಬಳಿಯ ನೀಂಡಕರ ಬಂದರಿನಲ್ಲಿ ಶುರುವಾದ 'ಶುಚಿತ್ವ ಸಾಗರಂ' ಯೋಜನೆಯಲ್ಲಿ ಮೀನುಗಾರರು ಬಲೆಗೆ ಬಿದ್ದ ಪ್ಲಾಸ್ಟಿಕ್ಕನ್ನು ದಡಕ್ಕೆ ತಂದರು, ಅದನ್ನು ಕತ್ತರಿಸಿ ರಸ್ತೆಯ ಡಾಂಬರಿಗೆ ಬಳಸಲಾಯಿತು. ಬಿಡಿಸುವ ಕೆಲಸಕ್ಕೆ ಹೆಂಗಸರಿಗೆ ಸಂಬಳ ಕೊಟ್ಟಿದ್ದೂ ಆ ಯೋಜನೆ ನಡೆಯಲು ಕಾರಣ.

ದಂಡೆಯಲ್ಲಿ ಬಲೆ ಸಿಕ್ಕಿದರೆ ಸುಟ್ಟುಬಿಡಬಹುದೇ? ಹೂಳಬಹುದೇ?

ಎರಡೂ ಬೇಡ. ನೈಲಾನ್ ಸುಟ್ಟರೆ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲ ಬರುತ್ತದೆ. ಹೂತರೆ ಬಿಸಿಲು ತಾಗದೆ ಅದರ ಆಯುಷ್ಯವನ್ನು ನೀವೇ ಹೆಚ್ಚಿಸಿದಂತೆ, ಮುಂದಿನ ಮಳೆಗಾಲದ ಕಡಲ್ಕೊರೆತಕ್ಕೆ ಮತ್ತೆ ಮೇಲೆ ಬರುತ್ತದೆ. ಜೂನ್, ಜುಲೈಯಲ್ಲಿ ಕಡಲು ಉಕ್ಕಿ ತೇಲುವ ಬಲೆಗಳನ್ನು ದಂಡೆಗೆ ತಂದು ಹಾಕುತ್ತದೆ. ಅವನ್ನು ಆಗಲೇ, ಬೇಸಿಗೆಯ ಬಿಸಿಲು ತಾಗಿ ಪುಡಿಯಾಗುವ ಮುಂಚೆ ಎತ್ತಿದರೆ ಇಡಿಯಾಗಿ ಸಿಗುತ್ತವೆ. ಅರ್ಧ ಮರಳಿನಲ್ಲಿ ಹೂತಿದ್ದರೆ ಎಳೆಯಬೇಡಿ, ಅಗೆದು ತೆಗೆಯಿರಿ. ಅಗೆಯಲು ಆಗದಿದ್ದರೆ ಹೊರಗಿರುವಷ್ಟನ್ನು ಕತ್ತರಿಸಿ ತನ್ನಿ.

ಆಮೆ ಸಿಕ್ಕಿಕೊಂಡಿದ್ದರೆ ಬಲೆ ಹಿಡಿದು ಜಗ್ಗಬೇಡಿ. ಮೇಲೆ ಒದ್ದೆ ಬಟ್ಟೆ ಹಾಕಿ ನೆರಳು ಮಾಡಿ, ಅರಣ್ಯ ಇಲಾಖೆಗೆ ತಿಳಿಸಿ. ಕಡಲಾಮೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ಕೈಕಾಲಿಗೆ ಗಾಯವಾಗಿದ್ದರೆ ಬಿಡಿಸಿದ ತಕ್ಷಣ ನೀರಿಗೆ ಬಿಡುವುದು ಉಪಕಾರವಲ್ಲ, ಅದಕ್ಕೆ ಚಿಕಿತ್ಸೆ ಬೇಕು.

ಕಡಲಲ್ಲಿ ಬಲೆ ಕಳೆದುಹೋದರೆ ಮೊದಲು ಏನು ಮಾಡಬೇಕು?

ಜಿಪಿಎಸ್‌ನಲ್ಲಿ ಆ ಜಾಗವನ್ನು ಗುರುತು ಹಾಕಿ. ಆಳ, ಬಲೆಯ ಬಗೆ, ಉದ್ದ ಬರೆದಿಡಿ. ವೈರ್‌ಲೆಸ್‌ನಲ್ಲಿ ಸುತ್ತಲಿನ ಬೋಟುಗಳಿಗೆ, ದಡಕ್ಕೆ ಬಂದ ಮೇಲೆ ನಿಮ್ಮ ಸಂಘಕ್ಕೆ ಹೇಳಿ. ಸಾಧ್ಯವಿದ್ದರೆ ಕೊಕ್ಕೆಯ ಲಂಗರು ಎಳೆದು ಅದೇ ದಿನ ಅಥವಾ ಮರುದಿನ ಹುಡುಕಿ. ನಾರ್ವೆಯಲ್ಲಿ ಸರ್ಕಾರವೇ 1980ರ ದಶಕದ ಆರಂಭದಿಂದ ಪ್ರತಿವರ್ಷ ಹಡಗು ಕಳಿಸಿ ಹೀಗೆ ಬಲೆ ಎತ್ತಿಸುತ್ತದೆ. ಅಲ್ಲಿ ಅದು ಯಶಸ್ವಿಯಾದದ್ದು ಮೀನುಗಾರರು ಕಳೆದುಹೋದ ಜಾಗವನ್ನು ವರದಿ ಮಾಡುವುದರಿಂದ. ಎಲ್ಲಿ ಎಂದು ಗೊತ್ತಿಲ್ಲದೆ ಕಡಲು ಬಾಚಲಾಗದು.

ನಾನು ಡೈವಿಂಗ್ ಕಲಿತಿದ್ದೇನೆ. ನೇತ್ರಾಣಿ ದ್ವೀಪದ ಸುತ್ತ ಬಲೆ ಕಂಡರೆ ನಾನೇ ತೆಗೆಯಬಹುದೇ?

ಒಬ್ಬರೇ, ಒಂದು ಚಾಕು ಹಿಡಿದುಕೊಂಡು ಬೇಡ. ಬಲೆಗೆ ಮೀನು, ಮನುಷ್ಯ ಎಂಬ ಭೇದವಿಲ್ಲ. ಸಿಲಿಂಡರಿನ ಕವಾಟಕ್ಕೆ ದಾರ ಸಿಕ್ಕಿದರೆ ಬೆನ್ನ ಹಿಂದೆ ಕೈ ಹೋಗುವುದಿಲ್ಲ. ಈ ಕೆಲಸಕ್ಕೆಂದೇ ತರಬೇತಿ ಇದೆ, ತಂಡ ಬೇಕು, ಮೇಲೆ ದೋಣಿ ಬೇಕು, ಭಾರ ಎತ್ತಲು ಗಾಳಿಚೀಲ ಬೇಕು. ಜಾಗ ಗುರುತಿಸಿ, ಫೋಟೋ ತೆಗೆದು, ನಿಮ್ಮನ್ನು ಕರೆದೊಯ್ದ ಡೈವಿಂಗ್ ಕೇಂದ್ರಕ್ಕೆ ಕೊಡಿ.

ಒಂದು ವಿಷಯ ಹೊಸಬರು ಗಮನಿಸುವುದಿಲ್ಲ. ಬಲೆ ಬಹಳ ಹಳೆಯದಾಗಿ, ಅದರ ಮೇಲೇ ಹವಳ, ಸ್ಪಂಜು, ಚಿಪ್ಪುಗಳು ಬೆಳೆದು ಬಂಡೆಗೆ ಒಂದಾಗಿದ್ದರೆ ಕಿತ್ತರೆ ಆಗುವ ಗಾಯವೇ ದೊಡ್ಡದು. ಅಂಥ ಕಡೆ ಸಡಿಲವಾಗಿ ತೂಗಾಡುವ ಭಾಗವನ್ನು ಮಾತ್ರ ಕತ್ತರಿಸಿ ತೆಗೆದು, ಬೇರುಬಿಟ್ಟದ್ದನ್ನು ಅಲ್ಲೇ ಬಿಡುತ್ತಾರೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಹವಳ ಬಲ್ಲವರು ಜೊತೆಗಿದ್ದು ತೀರ್ಮಾನಿಸಬೇಕು.